ಮೊಳೆಗೆ ನೇತುಹಾಕಿದ ಕೆಂಪು ಕಾಲು

ನಮ್ಮ ಮನೆ ಬಾಗಿಲಿಗೆ ಬಟ್ಟೆಯ ನಕ್ಷತ್ರವೊಂದನ್ನು ನೇತುಹಾಕಿದ ಮೂರನೆಯ ದಿನ, ನಾವು ಮತಾಂತರಗೊಂಡಿದ್ದೇವೆ ಎಂಬ ವಿಷಯ ನಮಗೆ ತಿಳಿಯಿತು.

ತಿಳಿಸಿದ್ದು ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿರುವ ನನ್ನ ನಾದಿನಿ ಸರೋಜ. ಬೆಳಗ್ಗೆ ಬೆಳಗ್ಗೆಯೇ ಫೋನು.

“ಅತ್ತಿಗೆ, ನೀವು ಆ ಕಡೆ ಹೋಗ್ಬಿಟ್ರಂತೆ?”

“ಯಾವ ಕಡೆ? ನಾನು ದೊಡ್ಡಬಳ್ಳಾಪುರದಲ್ಲೇ ಇದ್ದೀನಲ್ಲ.”

“ಅದೇ ಅತ್ತಿಗೆ... ಆ ಕಡೆ.”

ಆ ಕಡೆ ಎಂದರೆ ಯಾವ ಕಡೆ ಎಂದು ಅರ್ಥವಾಗಲು ನನಗೆ ಅರ್ಧ ಲೋಟ ಕಾಫಿ ಬೇಕಾಯಿತು. ಅರ್ಥವಾದ ಮೇಲೆ ಹೇಳಿದೆ: “ಸರೋಜ, ಆ ನಕ್ಷತ್ರದ ಎರಡು ಮೂಲೆ ನೀನು ಗೌರಿ ಹಬ್ಬಕ್ಕೆ ಕೊಟ್ಟ ರವಿಕೆ ಕಣದ್ದು. ಹೋಗಿದ್ರೆ ಇಬ್ಬರೂ ಹೋಗಿದ್ದೀವಿ.”

ಅವಳು ನಗಲಿಲ್ಲ.

ಇಷ್ಟಕ್ಕೆಲ್ಲ ಕಾರಣ ನನ್ನ ಮಗಳು ಚೈತ್ರ. ದೇವನಹಳ್ಳಿ ಏರ್‌ಪೋರ್ಟಿನ ಹತ್ತಿರ ಒಂದು ಕಾರ್ಗೋ ಆಫೀಸಿನಲ್ಲಿ ಕೆಲಸ. ದಿನಾ ಹೋಗಿ ಬರುತ್ತಾಳೆ. ನವೆಂಬರ್ ಕೊನೆಯ ಒಂದು ಸಂಜೆ ಬಂದವಳೇ, “ಅಮ್ಮ, ಆಫೀಸಲ್ಲಿ ಡೆಕೋರೇಷನ್ ಮಾಡ್ತಿದ್ದೀವಿ. ಒಂದು ಕ್ರಿಸ್‌ಮಸ್ ಸ್ಟಾಕಿಂಗ್ ಹೊಲ್ಕೊಡ್ತೀಯಾ?” ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ದಪ್ಪನೆಯ ಕೆಂಪು ಕಾಲುಚೀಲ. ಮೈಮೇಲೆಲ್ಲ ಚೌಕ ಚೌಕವಾಗಿ ಹೊಲಿಗೆ. ಇದಕ್ಕೆ ಕ್ವಿಲ್ಟಿಂಗ್ ಅನ್ನುತ್ತಾರೆ ಎಂದು ನನಗೆ ವಿವರಿಸಿದಳು.

ನಮ್ಮವ್ವ ಇದಕ್ಕೆ ಬೊಂತೆ ಅನ್ನುತ್ತಿದ್ದಳು. ಹಳೇ ಸೀರೆ, ಹರಿದ ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ದಪ್ಪ ಸೂಜಿಯಲ್ಲಿ ಸಾಲು ಸಾಲಾಗಿ ಹೊಲಿದರೆ ಬೊಂತೆ. ಅದನ್ನೇ ಕಾಲಿನ ಆಕಾರಕ್ಕೆ ಕತ್ತರಿಸಿದರೆ ಕ್ರಿಸ್‌ಮಸ್.

ಬಟ್ಟೆಗೇನೂ ಬರವಿರಲಿಲ್ಲ. ಪ್ರತಿ ಮನೆಯ ಬೀರುವಿನಲ್ಲೂ ರವಿಕೆ ಕಣಗಳ ಒಂದು ಗಂಟು ಇರುತ್ತದೆ, ನಿಮಗೆ ಗೊತ್ತು. ಅರಿಶಿನ ಕುಂಕುಮದ ಜೊತೆ ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಟ್ಟು, ಅವರು ಮತ್ತೊಬ್ಬರಿಗೆ ದಾಟಿಸಿ, ಊರೆಲ್ಲ ಸುತ್ತಿದರೂ ಯಾರ ಮೈಮೇಲೂ ರವಿಕೆಯಾಗದ ಬಟ್ಟೆ ಅದು. ಕ್ರಿಸ್‌ಮಸ್ಸಿನ ಬಣ್ಣ ಯಾವುದು? ಕೆಂಪು, ಹಸಿರು. ನಮ್ಮ ರವಿಕೆ ಕಣಗಳ ಬಣ್ಣ ಯಾವುದು? ಕೆಂಪು, ಹಸಿರು. ಇನ್ನೇನು ಬೇಕು?

ಬಿಳಿ ಬೇಕಿತ್ತು. ಕಾಲುಚೀಲದ ಬಾಯಿಗೆ ಬಿಳಿ ಪಟ್ಟಿ ಬರಬೇಕು. ಗಂಟು ಪೂರ್ತಿ ಬಿಚ್ಚಿದರೂ ಬಿಳಿ ಸಿಗಲಿಲ್ಲ. (ತಾಂಬೂಲದಲ್ಲಿ ಬಿಳಿ ರವಿಕೆ ಕಣ ಇಡುವ ಹೆಂಗಸು ಇನ್ನೂ ಹುಟ್ಟಿಲ್ಲ.) ಅರಿಶಿನ ಬಣ್ಣದ ಪಟ್ಟಿ ಕೊಟ್ಟೆ. ಒಳಗೆ ದಪ್ಪಕ್ಕೆ ನಮ್ಮ ಯಜಮಾನರ ಹಳೇ ಪಂಚೆ ತುಂಬಿದೆ. ಆ ಪಂಚೆಯನ್ನು ಅವರು ಇನ್ನೂ ಹುಡುಕುತ್ತಿದ್ದಾರೆ.

ಮೊದಲನೆಯ ಕಾಲುಚೀಲದ ಪಾದ ಸೊಟ್ಟ ಬಂತು. ಎರಡನೆಯದು ನೆಟ್ಟಗೆ ಬಂದು ಆಫೀಸಿಗೆ ಹೋಯಿತು. ಸೊಟ್ಟದ್ದು ನಮ್ಮ ಹಾಲ್‌ನ ಗೋಡೆಯ ಮೊಳೆಗೆ ಹೋಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೈಗೆ ಸೂಜಿಯ ರುಚಿ ಹತ್ತಿತ್ತು. ಸಂಜೆ ಪಾಠ ಮುಗಿಸಿ ಸ್ಕೂಲಿನಿಂದ ಬಂದು ಕೂತರೆ ಏಳುತ್ತಲೇ ಇರಲಿಲ್ಲ. ನಕ್ಷತ್ರ ಹೊಲಿದೆ. ಪುಟ್ಟ ಕ್ರಿಸ್‌ಮಸ್ ಮರ ಹೊಲಿದೆ. ಬಾಗಿಲಿಗೆ ಹಾಕುವ ದುಂಡನೆಯ ಹಸಿರು ಹಾರವನ್ನೂ ಹೊಲಿದೆ. ಯಜಮಾನರು ಅದನ್ನು ಬಹಳ ಹೊತ್ತು ನೋಡಿ, “ಕೊಡ ಹೊರೋ ಸಿಂಬೀನ ಬಾಗಿಲಿಗೆ ಯಾಕೆ ನೇತು ಹಾಕಿದ್ದೀಯ?” ಎಂದು ಕೇಳಿದರು.

ನಮ್ಮ ಸ್ಕೂಲಿನ ಸ್ಟೆಲ್ಲಾ ಮೇಡಂ ಒಂದು ದಿನ ಮನೆಗೆ ಬಂದಾಗ ನಕ್ಷತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಎಷ್ಟು ಚೆನ್ನಾಗಿದೆ ಮೇಡಂ. ನಮ್ಮನೇಲಿ ಎಲ್ಲಾ ಪ್ಲಾಸ್ಟಿಕ್ಕೇ” ಅಂದರು. ಅಂದರೆ ನಿಜವಾಗಿ ಆ ಕಡೆ ಇರುವವರು ಅಂಗಡಿಯಲ್ಲಿ ಕೊಂಡು ನಿಶ್ಚಿಂತೆಯಾಗಿದ್ದರು. ಹೊಲಿದು ಸಿಕ್ಕಿಬಿದ್ದವಳು ನಾನು.

ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯಲ್ಲೂ ಡಿಸೆಂಬರ್ ಪೂರ್ತಿ ನಕ್ಷತ್ರ ಉರಿಯುತ್ತದೆ. ಅದರ ಕೆಳಗೇ ನಿಂತು ನಾವೆಲ್ಲ ಪ್ಲಮ್ ಕೇಕ್ ಕಟ್ಟಿಸಿಕೊಂಡು ಬರುತ್ತೇವೆ. ಆಗ ಯಾರೂ ಯಾವ ಕಡೆಗೂ ಹೋಗುವುದಿಲ್ಲ. ತಿಂದರೆ ತೊಂದರೆಯಿಲ್ಲ, ಹೊಲಿದರೆ ಮಾತ್ರ ಕಷ್ಟ. ಇದು ಯಾವ ಲೆಕ್ಕ?

ಸರೋಜ ನಗದೇ ಇದ್ದುದಕ್ಕೆ ಕಾರಣವಿತ್ತು. ಚೈತ್ರಳಿಗೆ ಒಂದು ಸಂಬಂಧ ತಂದಿದ್ದವಳು ಅವಳೇ. ಅವಳ ಗಂಡನ ಕಡೆಯ ನೆಂಟರು. ಹುಡುಗ ಮನೋಜ, ಹೊಸಕೋಟೆಯ ಒಂದು ಕಾಲೇಜಿನಲ್ಲಿ ಲೆಕ್ಚರರ್. ಊರು ಸಮೇತನಹಳ್ಳಿ, ಮನೆಯವರದು ಬೇಸಾಯ. ಚೈತ್ರಳಿಗೂ ಇಷ್ಟವಿತ್ತು. ಇಬ್ಬರೂ ಆಗಲೇ ಒಂದೆರಡು ಸಲ ಹೊರಗೆ ಕಾಫಿ ಕುಡಿದಿದ್ದರು. (ಅದು ನಮಗೆ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಾಳೆ. ಇದನ್ನು ಓದಿದ ಮೇಲೆ ಸರಿಹೋಗುತ್ತದೆ.)

“ಧನುರ್ಮಾಸ ಹುಟ್ಟೋದ್ರೊಳಗೆ ಹುಡುಗೀನ ನೋಡ್ಕೊಂಡು ಹೋಗ್ತೀವಿ ಅಂದವ್ರೆ. ಈ ಭಾನುವಾರವೇ ಬರ್ತಾರೆ. ಬಾಗಿಲಲ್ಲಿರೋದನ್ನ ಮೊದಲು ತೆಗೀರಿ ಅತ್ತಿಗೆ” ಅಂದಳು ಸರೋಜ.

ಯಜಮಾನರೂ ಅದನ್ನೇ ಅಂದರು. “ಒಂದಿನದ ಮಟ್ಟಿಗೆ ಕಣೇ. ಅವ್ರು ಹೋದ್ಮೇಲೆ ಬೇಕಾದ್ರೆ ನನಗೇ ಒಂದು ಕಟ್ಟು.”

ಶನಿವಾರ ಎಲ್ಲವನ್ನೂ ತೆಗೆದೆ. ತೆಗೆಯುವಾಗ ಬೇಜಾರಾಯಿತು. ತೆಗೆಯದಿದ್ದರೆ ಭಯವಾಗುತ್ತಿತ್ತು. ಮಗಳು ಒಪ್ಪಿದ ಸಂಬಂಧ, ನನ್ನ ಸೂಜಿಯಿಂದ ಮುರಿದುಬಿದ್ದರೆ? ನಕ್ಷತ್ರ, ಮರ, ಸಿಂಬಿ ಎಲ್ಲವನ್ನೂ ಹಳೇ ದುಪ್ಪಟಿಯಲ್ಲಿ ಗಂಟು ಕಟ್ಟಿ ಬೀರುವಿನೊಳಗೆ ತಳ್ಳಿದೆ. ಚೈತ್ರ ರೂಮಿನ ಬಾಗಿಲಲ್ಲಿ ನಿಂತು ನೋಡಿದಳು. “ಹೊಲಿದಿದ್ದು ನೀನು, ನಿನ್ನಿಷ್ಟ” ಅಂದಳಷ್ಟೇ. ಬಾಗಿಲಿಗೆ ಮಾವಿನ ತೋರಣ ಬಂತು.

ಒಂದನ್ನು ಮರೆತಿದ್ದೆ. ಹಾಲ್‌ನ ಗೋಡೆಯ ಮೊಳೆಯಲ್ಲಿದ್ದ ಸೊಟ್ಟ ಕಾಲುಚೀಲ. ಮರೆಯಲು ಕಾರಣ, ಅದು ಯಾವಾಗಲೋ ಕ್ರಿಸ್‌ಮಸ್ ಬಿಟ್ಟು ಸಂಸಾರಕ್ಕೆ ಸೇರಿಬಿಟ್ಟಿತ್ತು. ಸ್ಕೂಟರ್ ಕೀ, ಬೀರುವಿನ ಕೀ, ಹಾಲಿನವನಿಗೆ ಕೊಡುವ ಚಿಲ್ಲರೆ ಎಲ್ಲವೂ ಅದರ ಹೊಟ್ಟೆಯಲ್ಲೇ.

ಭಾನುವಾರ ಬಂದರು. ಮನೋಜ, ಅವನ ತಂದೆ ತಾಯಿ, ಅಜ್ಜಿ. ಜೊತೆಗೆ ಸರೋಜ. ಕೇಸರಿಬಾತ್ ಆಯಿತು, ಉಪ್ಪಿಟ್ಟಾಯಿತು. ಚೈತ್ರ ಸೀರೆಯುಟ್ಟು ಕಾಫಿ ತಂದುಕೊಟ್ಟು ಕೂತಳು. ಎಲ್ಲವೂ ಎಷ್ಟು ಸಲೀಸಾಗಿ ನಡೆಯುತ್ತಿತ್ತೆಂದರೆ, ಗಂಡಸರು ಆಗಲೇ ಸೈಟಿನ ರೇಟಿಗೆ ಬಂದಿದ್ದರು.

ಅಷ್ಟರಲ್ಲಿ ಅಜ್ಜಿಯ ಕಣ್ಣು ಮೊಳೆಗೆ ಹೋಯಿತು.

“ಅದೇನವ್ವ ಅದು, ಗೋಡೆಗೆ ನೇತಾಕಿರೋದು? ಮುಡಿಪಾ?”

ಮುಡಿಪು ನಿಮಗೆ ಗೊತ್ತಲ್ಲ? ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ದೇವರ ಹೆಸರಿನಲ್ಲಿ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ತೆಗೆದಿಡುತ್ತಾರೆ. ವಾಸಿಯಾದ ಮೇಲೆ ಹೋಗಿ ಒಪ್ಪಿಸುತ್ತಾರೆ. ಕಣ್ಣಿನ ಹರಕೆಗೆ ಬೆಳ್ಳಿ ಕಣ್ಣು, ಕಾಲಿನ ಹರಕೆಗೆ ಬೆಳ್ಳಿ ಕಾಲು ಒಪ್ಪಿಸುವವರೂ ಇದ್ದಾರೆ. ಈಗ ನಮ್ಮ ಮೊಳೆಯಲ್ಲಿದ್ದದ್ದೇನು? ಒಂಟಿ ಕಾಲು. ಬಾಯಿಗೆ ಅರಿಶಿನದ ಪಟ್ಟಿ. ಒಳಗೆ ಕಾಸು. ನಾನೇ ಹೊಸಬಳಾಗಿ ಆ ಮನೆಗೆ ಬಂದಿದ್ದರೂ ಕೈಮುಗಿಯುತ್ತಿದ್ದೆ.

“ಯಾರ ಕಾಲಿಗೆ ಕಟ್ಟಿರೋದು?” ಅಜ್ಜಿ ಕೇಳಿದರು.

ನಾನು ಯಜಮಾನರ ಮುಖ ನೋಡಿದೆ. ಅವರು ಸರೋಜಳ ಮುಖ ನೋಡಿದರು. ಸರೋಜ ಉಪ್ಪಿಟ್ಟಿನ ಮುಖ ನೋಡಿದಳು.

“ನಂದೇ... ಮಂಡಿ ನೋವು” ಅಂದರು ಯಜಮಾನರು.

ಅಜ್ಜಿ ಎದ್ದು ಹೋಗಿ ಕಾಲುಚೀಲವನ್ನು ಮುಟ್ಟಿ ನೋಡಿದರು. “ಇದು ಗಂಡುಸ್ರ ಕಾಲಲ್ಲ ಬಿಡಪ್ಪ. ಎಳೇ ಕಾಲು. ಪಾದ ಬೇರೆ ಸೊಟ್ಟಗದೆ.” ಹಾಗೆನ್ನುತ್ತಲೇ ಅವರ ದೃಷ್ಟಿ ನಿಧಾನವಾಗಿ ಚೈತ್ರಳ ಸೀರೆಯ ಅಂಚಿಗೆ ಇಳಿಯಿತು. ಮನೋಜನ ತಾಯಿಯ ದೃಷ್ಟಿಯೂ ಇಳಿಯಿತು.

“ಮಗ, ಹಂಗೇ ಒಂದೆರಡು ಹೆಜ್ಜೆ ನಡಿಯವ್ವ, ನೋಡಾನ.”

“ಈಗ ತಾನೇ ಕಾಫಿ ತಂದ್ಲಲ್ಲ ಅಜ್ಜಿ” ಅಂದೆ.

“ಆವಾಗ ತಟ್ಟೆ ನೋಡ್ತಿದ್ದೆ ಕಣವ್ವ, ಕಾಲು ನೋಡ್ಲಿಲ್ಲ.”

ನನಗೆ ಸಿಟ್ಟು ಬಂತು. ಓದಿ, ಕೆಲಸ ಮಾಡಿ, ಹೆಲ್ಮೆಟ್ ಹಾಕಿಕೊಂಡು ದೇವನಹಳ್ಳಿಗೆ ಹೋಗಿ ಬರುವ ಮಗಳನ್ನು ಸಂತೆಯಲ್ಲಿ ದನ ನಡೆಸಿ ನೋಡುವ ಹಾಗೆ ನಡೆಸುವುದೇ? ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದು ಮುಡಿಪಲ್ಲ, ಕ್ರಿಸ್‌ಮಸ್ ಕಾಲುಚೀಲ. ಆದರೆ ಹೇಳಿದರೆ ಮತದ ಪ್ರಶ್ನೆ, ಹೇಳದಿದ್ದರೆ ಮಂಡಿಯ ಪ್ರಶ್ನೆ. ವಾರ ವಾರ ಈ ಅಂಕಣದಲ್ಲಿ ನಿಮ್ಮೆದುರು ಇಷ್ಟು ಮಾತಾಡುವ ನಾನು ಅಲ್ಲಿ ಬಾಯಿ ತೆರೆದು, ಹಾಗೇ ಮುಚ್ಚಿದೆ.

ಚೈತ್ರ ಎದ್ದಳು. “ನಡೀತೀನಿ ಅಜ್ಜಿ” ಅಂದಳು.

ನಡೆದಳು. ಮೊದಲು ಮೊಳೆಯ ಹತ್ತಿರ ಹೋಗಿ ಕಾಲುಚೀಲಕ್ಕೆ ಕೈ ಹಾಕಿ ಬೀರುವಿನ ಕೀ ತೆಗೆದುಕೊಂಡಳು. ಅಜ್ಜಿ “ಅಯ್ಯೋ, ಮುಡಿಪಿಗೆ ಕೈ ಹಾಕ್ತಾಳಲ್ಲ!” ಅಂದರು. ರೂಮಿಗೆ ಹೋದಳು. ಬೀರು ತೆರೆದ ಸದ್ದಾಯಿತು. ದುಪ್ಪಟಿಯ ಗಂಟು ಹಿಡಿದುಕೊಂಡು ಬಂದು, ಎಲ್ಲರ ಮುಂದೆಯೇ ಹಾದು ಬಾಗಿಲಿಗೆ ಹೋಗಿ, ಮಾವಿನ ತೋರಣದ ಕೆಳಗೆ ನಕ್ಷತ್ರ ಕಟ್ಟಿದಳು. ಪಕ್ಕಕ್ಕೆ ಸಿಂಬಿ ಹಾಕಿದಳು. ಮರವನ್ನು ಟೀವಿಯ ಮೇಲೆ ನಿಲ್ಲಿಸಿದಳು. ಬಂದು ಕೂತಳು.

“ಅದು ಮುಡಿಪಲ್ಲ ಅಜ್ಜಿ. ಕ್ರಿಸ್‌ಮಸ್‌ದು. ನಮ್ಮಮ್ಮ ಹೊಲಿದಿದ್ದು. ಕಾಲು ಎರಡೂ ಸರಿಯಾಗಿವೆ. ಇನ್ನೊಂದು ರೌಂಡ್ ಹೋಗ್ಲಾ?”

“ಬೇಡ ಬೇಡ, ಸಾಕು” ಅಂದ ಮನೋಜ. ಅವನ ಮೊದಲ ಮಾತು ಅದು. (ಅದನ್ನು ಅವಳು ಏಳುವ ಮುಂಚೆ ಅಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.) ಚೈತ್ರ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಅವನು ಕೇಸರಿಬಾತ್ ನೋಡಿದ.

ಸಂಬಂಧ ಹೋಯಿತು ಅಂದುಕೊಂಡೆ. ಆದರೂ, ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ತಣ್ಣಗಾಗುವಷ್ಟು ಸಂತೋಷವಾಗಿತ್ತು.

ಅಜ್ಜಿ ಬಾಗಿಲಿನ ಹತ್ತಿರ ಹೋಗಿ ನಕ್ಷತ್ರವನ್ನು ಹಿಸುಕಿ ನೋಡಿದರು. “ಬೊಂತೆ ಅಲ್ವೇನವ್ವ ಇದು?”

“ಹೌದು ಅಜ್ಜಿ. ಬೊಂತೆನೇ.”

“ಮತ್ತೆ ಮೊದ್ಲೇ ಹೇಳ್ಬಾರ್ದಾ? ನಾನೇನೋ ಅಂದ್ಕೊಂಡೆ” ಎಂದು ಬಂದು ಕೂತು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಯಾವ ಕಡೆ ಎಂದು ಯಾರೂ ಕೇಳಲಿಲ್ಲ. ಕೇಳಬಹುದೆಂದು ನಾವು ಒಂದು ವಾರ ಹೆದರಿದ ಪ್ರಶ್ನೆಯನ್ನು ಅಲ್ಲಿ ಯಾರೂ ತಂದಿರಲೇ ಇಲ್ಲ. ಬೇರೆ ಪ್ರಶ್ನೆ ತಂದಿದ್ದರು.

ಸಂಜೆ ಸರೋಜ ಫೋನ್ ಮಾಡಿದಳು. ದನಿಯಲ್ಲಿ ಹೋಳಿಗೆ ತಿಂದ ಖುಷಿ.

“ಒಪ್ಕೊಂಡ್ರು ಅತ್ತಿಗೆ! ಹುಡುಗಿ ನಡಿಗೆ ಚೆನ್ನಾಗದೆ ಅಂದ್ರಂತೆ ಅಜ್ಜಿ. ಸಂಕ್ರಾಂತಿ ಕಳೆದ್ಮೇಲೆ ನೀವು ಸಮೇತನಹಳ್ಳಿಗೆ ಬಂದು ಮನೆ ನೋಡ್ಕೊಂಡು ಹೋಗ್ಬೇಕಂತೆ.”

ಯಜಮಾನರು ಆಗಲೇ ಯಾರ ಕಾರಿನಲ್ಲಿ ಹೋಗುವುದು, ಯಾರ್‍ಯಾರನ್ನು ಕರೆಯುವುದು ಎಂದು ಲೆಕ್ಕ ಹಾಕತೊಡಗಿದರು. ನಾನು ಚೈತ್ರಳಿಗೆ ವಿಷಯ ತಿಳಿಸಿದೆ.

“ನಾನೂ ಬರ್ತೀನಿ” ಅಂದಳು.

“ಹುಡುಗನ ಮನೆ ನೋಡೋಕೆ ದೊಡ್ಡೋರು ಹೋಗೋದು ಕಣೇ. ಹುಡುಗೀನ ಕರ್ಕೊಂಡು ಹೋಗೋ ಪದ್ಧತಿ ಇಲ್ಲ.”

“ಇಲ್ದಿದ್ರೆ ಇಲ್ಲ. ಅವ್ರ ಮನೆ ಗೋಡೇಲಿ ಏನೇನು ನೇತಾಡ್ತಿದೆ ಅಂತ ನಾನೂ ಒಂದ್ಸಲ ನೋಡ್ಬೇಕಲ್ಲಮ್ಮ?”