ಸೊನ್ನೆ ತಪ್ಪಿದ ಕ್ಯಾಲಿಪರ್

ಗೆಳೆಯರೇ, ಮೈ ಇನ್ನೂ ಉರಿಯುತ್ತಿದೆ. ಸನತ್‌ನಗರದ ನಮ್ಮ ಲೇಥ್ ಶೆಡ್ಡಿಗೆ ಇವತ್ತು ಗಿರಾಕಿ ಕಂಪನಿಯ ಇನ್‌ಸ್ಪೆಕ್ಟರ್ ಬಂದಿದ್ದ. ದಪ್ಪ ಅಳೆಯುವ ಹೊಸ ಡಿಜಿಟಲ್ ಕ್ಯಾಲಿಪರ್ ತೆಗೆದು ನಾಲ್ಕು ಶಾಫ್ಟ್ ಅಳೆದವನೇ, "ಎಲ್ಲಾ ತೆಳ್ಳಗಿವೆ, ಇಡೀ ಲಾಟ್ ರಿಜೆಕ್ಟ್" ಎಂದ.

ಶಾಫ್ಟ್ ಮಾಡಿದವರು ಕಲಬುರಗಿ ಕಡೆಯ ಶರಣಪ್ಪ. ಇಪ್ಪತ್ತು ವರ್ಷದಿಂದ ಲೇಥ್ ಮೇಲಿರುವ ಮನುಷ್ಯ. ತಮ್ಮ ಮುಳ್ಳಿನ ಡಯಲ್ ಕ್ಯಾಲಿಪರ್‌ನಲ್ಲಿ ಅಳೆದು ತೋರಿಸಿದರು. "ಸಾಹೇಬ್ರ, ಸೈಜ್ ಬರೋಬರಿ ಐತ್ರಿ. ನಿಮ್ದ ಒಮ್ಮೆ ನೋಡ್ಕೋರಿ."

"ಚಾಚಾ, ಯೇ ಡಿಜಿಟಲ್ ಹೈ. ಝೂಟ್ ನಹೀ ಬೋಲ್ತಾ" ಎಂದು ಅವನು ಹಿಂದಿಯಲ್ಲಿ ಗದರಿದ; ಡಿಜಿಟಲ್ ಸುಳ್ಳು ಹೇಳುವುದಿಲ್ಲವಂತೆ. ಶರಣಪ್ಪ ತಲೆ ತಗ್ಗಿಸಿದರು.

ಶೆಡ್ಡಿನಲ್ಲಿ ಮಾಲು ಚೆಕ್ ಮಾಡುವವಳು ನಾನು. ಅವನ ಕ್ಯಾಲಿಪರ್ ಇಸಿದುಕೊಂಡು ಒರೆಸಿದೆ. ಅದರ ಬಾಯಿಯ ತುದಿಗೆ ಅಂಟಿದ್ದ ಕಬ್ಬಿಣದ ಸಣ್ಣ ಚೂರು ಉದುರಿತು. ಬಾಯಿ ಮುಚ್ಚಿದರೆ ಸೊನ್ನೆಯ ಬದಲು ಮೈನಸ್ ಬಂತು. ಆ ಚೂರಿನ ಸಮೇತವೇ ಪುಣ್ಯಾತ್ಮ ಸೊನ್ನೆಯ ಗುಂಡಿ ಒತ್ತಿದ್ದ! ಅದಕ್ಕೇ ಪ್ರತಿ ಅಳತೆಯೂ ಅಷ್ಟು ಕಡಿಮೆ ಬಂದಿತ್ತು. ಮತ್ತೆ ಸೊನ್ನೆ ಮಾಡಿಸಿ ಅಳೆಸಿದೆ. ಅದೇ ನಾಲ್ಕು ಶಾಫ್ಟ್, ನಾಲ್ಕೂ ಸರಿ.

ಕ್ಷಮೆ ಕೇಳಿದನೇ? ಇಲ್ಲ. ರಿಪೋರ್ಟಿನಲ್ಲಿ ಬರೆದ: "ಕೆಲಸಗಾರನ ತಪ್ಪು. ರಿವರ್ಕ್ ನಂತರ ಓಕೆ." ಅಂದರೆ, ಶರಣಪ್ಪ ಮತ್ತೆ ಕೆಲಸ ಮಾಡಿ ಸರಿಪಡಿಸಿದರಂತೆ!

"ಹೋಗ್ಲಿ ಬಿಡ್ರಿ ಅಕ್ಕಾರ, ಮಾಲ್ ಪಾಸ್ ಆತಲ್ಲ" ಎಂದರು ಶರಣಪ್ಪ. ನಾನು ಬಿಡಲಿಲ್ಲ. ಆ ಸಾಲು ಹೊಡೆದು ಹಾಕುವವರೆಗೆ ನನ್ನ ಸಹಿ ಇಲ್ಲ ಎಂದೆ. ಗೊಣಗುತ್ತಲೇ ಹೊಡೆದು ಹಾಕಿದ.

ತೆಳ್ಳಗಾದ ಕಬ್ಬಿಣವನ್ನು ಮತ್ತೆ ದಪ್ಪ ಮಾಡುವ ರಿವರ್ಕ್ ಯಾವುದು ಎಂದೂ ಅವನನ್ನು ಕೇಳಿದೆ. ಹೇಳಿದ್ದರೆ ನಾವೂ ಕಲಿಯುತ್ತಿದ್ದೆವು!