ಆ ಕವರಿನೊಳಗಿನ ರೆಕಾರ್ಡು

ಆ ರೆಕಾರ್ಡನ್ನು ಬದಲಾಯಿಸಿದವನು ನಾನು, ಸರ್. ನೀವಲ್ಲ. ನೀವು ಮರೆತು ಹಾಕಿದ್ದೂ ಅಲ್ಲ, ಲಲಿತಾ ಆಂಟಿ ಕಪಾಟು ಒರೆಸುವಾಗ ಅದಲುಬದಲಾದದ್ದೂ ಅಲ್ಲ. ಆರು ವರ್ಷಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ, ಕ್ರೋನ್‌ಬೆರ್ಗ್‌ನ ನಿಮ್ಮ ಮನೆಯಲ್ಲಿ, ನೀವೂ ಆಂಟಿಯೂ ಅಡುಗೆಮನೆಯಲ್ಲಿದ್ದಾಗ, ನಾನು ಕಪಾಟಿನಿಂದ ಆ ಆಲ್ಬಮ್ ತೆಗೆದೆ. ಒಳಗಿದ್ದ ಅಸಲಿ ರೆಕಾರ್ಡನ್ನು ನನ್ನ ಚೀಲಕ್ಕೆ ಹಾಕಿಕೊಂಡು ಅದರ ಜಾಗದಲ್ಲಿ ಒಂದು ನಕಲಿಯನ್ನು ತುರುಕಿದೆ. ಬೇಕೆಂದೇ ಮಾಡಿದೆ — ಎರಡು ವಾರ ಮೊದಲೇ ತಯಾರಿ ಮಾಡಿಕೊಂಡು.

ಇದನ್ನು ಬರೆಯುವಾಗಲೂ ಒಂದು ಅನುಮಾನ — ನಿಮಗಿದು ಮೊದಲೇ ಗೊತ್ತಿತ್ತೇನೋ ಎಂದು. ನನ್ನ ಬುದ್ಧಿಯೇ ಹಾಗೆ. ನೆರೆಯವರು ನಮ್ಮ ಡಬ್ಬಿಗೆ ತಮ್ಮ ಕಸ ಹಾಕುತ್ತಾರೇನೋ ಎಂದು ಮುಚ್ಚಳ ಎತ್ತಿ ನೋಡುವವನು ನಾನು. ಯಾರಾದರೂ ಸುಮ್ಮನೆ ಹೊಗಳಿದರೆ, ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂದುಕೊಳ್ಳುವವನು. ಆದರೆ ನಿಮ್ಮ ಮೇಲೆ ಹುಟ್ಟಿದ ಅನುಮಾನವೇ ಬೇರೆ — ಅದರಲ್ಲಿ ಹೊಟ್ಟೆಕಿಚ್ಚೂ ಬೆರೆತಿತ್ತು.

ನಿಮಗೆ ಗೊತ್ತಿರುವುದನ್ನೂ ಕ್ರಮವಾಗಿ ಬರೆಯುತ್ತೇನೆ. ಇದನ್ನು ಹರೀಶನ ಮುಂದೆ, ಆಂಟಿಯ ಮುಂದೆ ಗಟ್ಟಿಯಾಗಿ ಓದಬೇಕೆಂದಿದ್ದೇನೆ.

ನಮ್ಮದು ಸಣ್ಣ ಕೂಟ. ತಿಂಗಳಿಗೊಂದು ಭಾನುವಾರ, ನಿಮ್ಮ ಮನೆಯಲ್ಲಿ, ಒಂದು ಹಳೆಯ ರಾಕ್ ಅಥವಾ ಪಾಪ್ ಆಲ್ಬಮ್ಮಿನ ಮೇಲೆ ಮಾತು. ಆಲ್ಬಮ್ಮನ್ನು ಎಲ್ಲರೂ ಮೊದಲೇ ಕೇಳಿಕೊಂಡು ಬರಬೇಕು. ಅಲ್ಲಿ ಮೊದಲ ಹಾಡೊಂದನ್ನು ಮಾತ್ರ ಹಾಕುವುದು, ಅದೂ ಸಣ್ಣ ದನಿಯಲ್ಲಿ. ಜರ್ಮನರ ಭಾನುವಾರದ ರೂಹೆಟ್ಸೈಟ್, ಸದ್ದು ಮಾಡಬಾರದ ಹೊತ್ತು, ಅಲ್ಲವೇ — ಸದ್ದು ಸ್ವಲ್ಪ ಏರಿದರೂ ಕೆಳಗಿನ ಮನೆಯ ಅಜ್ಜಿ ಪೊರಕೆ ಕೋಲಿನಿಂದ ಚಾವಣಿ ಕುಟ್ಟುತ್ತಿದ್ದರು. ನಿಮಗೆ ಬೆನ್ನುನೋವು, ಬಗ್ಗಲಾಗುತ್ತಿರಲಿಲ್ಲ. ಕಪಾಟಿನಿಂದ ರೆಕಾರ್ಡು ತೆಗೆದು ಪ್ಲೇಯರಿಗೆ ಹಾಕುವ ಕೆಲಸ ಯಾವಾಗಲೂ ನನ್ನದೇ. ಹಾಡು ನಡೆಯುವಾಗ ನೀವು ತೊಡೆಯ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು ಏನೋ ಬರೆಯುತ್ತಿದ್ದಿರಿ. ಆಮೇಲೆ ಒಬ್ಬೊಬ್ಬರಾಗಿ ಅಭಿಪ್ರಾಯ.

ಎಷ್‌ಬಾರ್ನ್‌ನ ನಮ್ಮ ಆಫೀಸಿನ ಹರೀಶ, ಹಾಸನದವನು, ಯಾವ ಆಲ್ಬಮ್ಮಿಗೂ ಒಂದೇ ಮಾತು: “ಡ್ರಮ್ಸ್ ಸಕತ್ತಾಗಿದೆ ಗುರು.” ಪಾಪ, ಅವನದು ನಿಜವಾದ ಅಭಿಪ್ರಾಯ. ನಾನು ಮಾತ್ರ ಎಸ್-ಬಾನ್ ರೈಲಿನಲ್ಲಿ ಬರುವಾಗ ಮೊಬೈಲಿನಲ್ಲಿ ಮೂರು ವಿಮರ್ಶೆ ಓದಿ, ಅಲ್ಲೊಂದು ಇಲ್ಲೊಂದು ವಾಕ್ಯ ಎತ್ತಿಕೊಂಡು, ಸ್ಟೇಷನ್ನಿನಿಂದ ನಿಮ್ಮ ಮನೆಗೆ ನಡೆಯುತ್ತ ಅವನ್ನು ಬಾಯಿಪಾಠ ಮಾಡುತ್ತಿದ್ದೆ. ಇದೂ ನನ್ನ ತಪ್ಪೊಪ್ಪಿಗೆಯಲ್ಲಿ ಸೇರಿದ್ದೇ.

ಕೊನೆಯಲ್ಲಿ ನೀವು. ಜನ ತಲೆಯ ಮೇಲೆ ಹೊತ್ತುಕೊಂಡ ಒಂದು ದೊಡ್ಡ ಆಲ್ಬಮ್ ಬಗ್ಗೆ ನೀವು ಅಂದದ್ದು ನನಗೆ ಇನ್ನೂ ನೆನಪಿದೆ — “ಮೊದಲನೇ ಬದಿ ಮದುವೆ ಮನೆ ಕಣಪ್ಪ. ಎರಡನೇದು ನೆಂಟರೆಲ್ಲ ಹೋದ ಮೇಲಿನ ಮನೆ. ನಂಗೆ ಆ ಎರಡನೇದೇ ಇಷ್ಟ.” ಎಂಬತ್ತರ ದಶಕದ ಇನ್ನೊಂದು ಪಾಪ್ ಆಲ್ಬಮ್ಮಿಗೆ, “ಹಾಡೇನೋ ಚೆನ್ನಾಗಿದೆ, ಆದ್ರೆ ಹಾಡೋನಿಗಿಂತ ಮೆಷಿನ್‌ಗೇ ಜಾಸ್ತಿ ಕೆಲಸ ಕೊಟ್ಬಿಟ್ಟಿದ್ದಾರೆ” ಅಂದಿರಿ. ನಿವೃತ್ತ ರಸಾಯನಶಾಸ್ತ್ರಜ್ಞ, ಮೈಸೂರಿನಿಂದ ಬಂದು ನಲವತ್ತು ವರ್ಷ ಇಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು — ಇವರಿಗೆ ಇಂಥ ಮಾತು ಎಲ್ಲಿಂದ ಬರುತ್ತದೆ ಎಂದು ನನಗೆ ಉರಿಯುತ್ತಿತ್ತು.

ಆಮೇಲೆ ಒಂದು ದಿನ ಎರಡು ಗಿಟಾರುಗಳ ಮಾತು ಬಂತು. “ಎರಡೂ ಜಗಳ ಆಡ್ತಾವೆ, ಆದ್ರೆ ಅಣ್ಣತಮ್ಮಂದಿರ ಜಗಳ” ಅಂದಿರಿ. ಅದೇ ಬೆಳಿಗ್ಗೆ ಒಂದು ವೆಬ್‌ಸೈಟಿನಲ್ಲಿ ನಾನು ಹೆಚ್ಚುಕಡಿಮೆ ಅದೇ ಮಾತನ್ನು ಓದಿದ್ದೆ. ಸಿಕ್ಕಿಬಿದ್ದರು ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ — ನಾನೇ ಕದಿಯುವವನು, ನೀವೂ ಕದಿಯುತ್ತೀರಿ ಎಂಬುದರಲ್ಲಿ ನನಗೆ ಕಿಂಚಿತ್ತೂ ಸಂಶಯ ಬರಲಿಲ್ಲ. ಅಂದಿನಿಂದ ನಿಮ್ಮ ಒಂದೊಂದು ವಾಕ್ಯವನ್ನೂ ಮನೆಗೆ ಹೋಗಿ ಹುಡುಕುತ್ತಿದ್ದೆ. ಬೇರೆ ಯಾವುದೂ ಸಿಗಲಿಲ್ಲ. ಎಷ್ಟು ಜಾಣತನದಿಂದ ಬದಲಾಯಿಸಿ ಹೇಳುತ್ತಾರೆ ಎಂದು ಇನ್ನಷ್ಟು ಅನುಮಾನ ಬಂತು.

ಹಾಗಿರುವಾಗ ಒಂದು ಶನಿವಾರ ಫ್ಲೋಮಾರ್ಕ್ಟ್‌ನಲ್ಲಿ, ಹಳೆಯ ಸಾಮಾನಿನ ಆ ಸಂತೆಯಲ್ಲಿ ಯಾರೂ ಮುಟ್ಟದ ಪೆಟ್ಟಿಗೆಯೊಂದರಲ್ಲಿ, ಆ ನಕಲಿ ಸಿಕ್ಕಿತು. ಒಂದು ಕಾಲಕ್ಕೆ ಇಲ್ಲಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಅಂಥವು ಅಗ್ಗಕ್ಕೆ ಮಾರಾಟವಾಗುತ್ತಿದ್ದವಂತೆ — ಹೆಸರಾಂತ ಹಾಡುಗಳನ್ನು ಹೆಸರಿಲ್ಲದ ಯಾರೋ, ಮೂಲದ ಹಾಗೆಯೇ ಕೇಳಿಸುವಂತೆ ಹಾಡಿದ ರೆಕಾರ್ಡುಗಳು. ನನ್ನ ಕೈಯಲ್ಲಿದ್ದದ್ದು ನಿಮ್ಮ ಮೆಚ್ಚಿನ ಗಾಯಕಿಯ ಹಾಡುಗಳದ್ದು. ನೀವು ಪ್ರಾಣ ಬಿಡುತ್ತಿದ್ದ ಆ ಎಪ್ಪತ್ತರ ದಶಕದ ಆಲ್ಬಮ್ಮಿನ ಮೊದಲ ಹಾಡೇ ಇದರಲ್ಲೂ ಮೊದಲನೆಯದು. ಮುಂದಿನ ಕೂಟಕ್ಕೆ ಇದನ್ನೇ ಇಟ್ಟುಕೊಳ್ಳೋಣ ಸರ್, ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದವನೂ ನಾನೇ. ನೀವು ಸಂತೋಷದಿಂದ ಮೂರು ಸಲ ಕೈಮುಗಿದ ಚಿತ್ರ ಕಳಿಸಿದ್ದಿರಿ.

ಆ ಭಾನುವಾರ ಹಾಡು ಮುಗಿಯಿತು. ನೀವು ನೋಟ್‌ಬುಕ್ ಮುಚ್ಚಿದಿರಿ, ಪ್ಲೇಯರಿನ ಕಡೆ ನೋಡಿದಿರಿ, ಒಂದು ಸಲ ನನ್ನ ಕಡೆಯೂ ನೋಡಿದಿರಿ. ಓದಿಕೊಂಡು ಬಂದದ್ದು ಮರೆತುಹೋಯಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಆಮೇಲೆ ನೀವು ಹೇಳಿದಿರಿ: “ಈ ದನಿಯಲ್ಲಿ ಅಳುನೂ ಇದೆ, ಅಳಲ್ಲ ಅನ್ನೋ ಹಠಾನೂ ಇದೆ. ಬೇರೆ ಯಾರೂ ಹೀಗೆ ಹಾಡಕ್ಕಾಗಲ್ಲ.”

ನಾನು ಎದ್ದು ರೆಕಾರ್ಡನ್ನು ಕೈಗೆತ್ತಿಕೊಂಡು, ಆಗತಾನೇ ನೋಡಿದವನ ಹಾಗೆ ಲೇಬಲ್ ಓದಿದೆ.

“ಸರ್, ಇದು ಅವಳಲ್ಲ. ಯಾರೋ ಬೇರೆಯವರು ಹಾಡಿರೋದು.”

ಹರೀಶ ಇಣುಕಿ ನೋಡಿ ಬಿದ್ದು ಬಿದ್ದು ನಕ್ಕ. “ಡೂಪ್ಲಿಕೇಟು ಮಗಾ! ಸರ್‌ಗೇ ಟೋಪಿ!” ಅವನ ನಗುವಿನಲ್ಲಿ ವಿಷವಿರಲಿಲ್ಲ. ನೀವೂ ನಗಲು ನೋಡಿದಿರಿ. ರೆಕಾರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಕವರನ್ನು ನೋಡಿ, ಮತ್ತೆ ರೆಕಾರ್ಡು ನೋಡಿ, “ನನ್ನ ಕವರೊಳಗೆ ಇದು ಹೇಗೆ ಬಂತು ಪ್ರಶಾಂತ?” ಎಂದು ಕೇಳಿದಿರಿ.

ತಮಾಷೆಗೆ ಮಾಡಿದೆ ಸರ್, ಎಂದು ಅಲ್ಲೇ ಹೇಳಿಬಿಡುವ ಉದ್ದೇಶ ನನಗಿತ್ತು — ಹೀಗೆಂದು ಆರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನಿಮ್ಮ ಮುಖದ ಗಲಿಬಿಲಿ ನನಗೆ ರುಚಿಸಿತ್ತು.

“ನೀವೇ ಯಾವತ್ತೋ ಹಾಕಿ ಮರ್ತಿರ್ಬೇಕು ಸರ್” ಅಂದೆ.

ಕಾಫಿ ತಟ್ಟೆ ಹಿಡಿದು ಬಂದ ಲಲಿತಾ ಆಂಟಿ ಬಾಗಿಲಲ್ಲೇ ನಿಂತರು. “ಹೋದ್ವಾರ ಬೀಗದ ಕೈನೂ ಹೀಗೇ ಎಲ್ಲೋ ಇಟ್ಟು ಮರೆತ್ರು” ಎಂದು ಮೆಲ್ಲಗೆ ಅಂದರು. ನಿಮ್ಮ ಅಣ್ಣನಿಗೆ ಮರೆವಿನ ಕಾಯಿಲೆ ಬಂದು, ಕೊನೆಗೆ ಹೆಂಡತಿಯ ಗುರುತೂ ಸಿಗದೆ ಹೋದದ್ದು ನಮಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು, ಸರ್. ಗೊತ್ತಿದ್ದೂ ಸುಮ್ಮನಿದ್ದೆ.

ಮುಂದಿನದನ್ನು ನಾನು ದೂರದಿಂದ ನೋಡುತ್ತ ಬಂದೆ. ಕೂಟ ನಿಂತಿತು. ನೀವು ಕಾರು ಓಡಿಸುವುದನ್ನು ಬಿಟ್ಟಿರಿ. ಅಡುಗೆಮನೆಯ ಡಬ್ಬಿಗಳ ಮೇಲೆ ನಿಮ್ಮ ಅಕ್ಷರದಲ್ಲಿ ಚೀಟಿಗಳು ಬಂದವು — ಉಪ್ಪಿಗೂ ಸಕ್ಕರೆಗೂ. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ವಯಸ್ಸಿಗೆ ತಕ್ಕ ಹಾಗೆಯೇ ಇದೆ, ಏನೂ ತೊಂದರೆಯಿಲ್ಲ ಅಂದರಂತೆ. ನೀವು ನಂಬಲಿಲ್ಲವಂತೆ. “ಹಾಗಾದ್ರೆ ಆ ರೆಕಾರ್ಡು?” ಎಂದು ಅವರನ್ನೇ ಕೇಳಿದಿರಂತೆ. ನನ್ನ ಅನುಮಾನ ನನ್ನನ್ನು ಬಿಟ್ಟು ನಿಮ್ಮ ಮನೆ ಸೇರಿತ್ತು. ನಿಮ್ಮ ಅಸಲಿ ರೆಕಾರ್ಡು ನನ್ನ ಕಪಾಟಿನಲ್ಲಿ, ನಕಲಿಯ ಕವರಿನೊಳಗೆ ಇತ್ತು. ಒಂದು ಸಲವೂ ಅದನ್ನು ಹಾಕಿ ಕೇಳಲು ನನಗೆ ಧೈರ್ಯ ಬರಲಿಲ್ಲ.

ಕಳೆದ ವಾರ ಆಂಟಿ ಫೋನ್ ಮಾಡಿದರು. “ಮನೆ ಖಾಲಿ ಮಾಡ್ತಾ ಇದೀವಪ್ಪ. ಸಿಂಡೆಲ್‌ಫಿಂಗೆನ್‌ನಲ್ಲಿ ಮಗಳ ಮನೆ ಹತ್ರ ವಯಸ್ಸಾದೋರನ್ನ ನೋಡ್ಕೊಳ್ಳೋ ಜಾಗ ಇದೆ, ಅಲ್ಲಿಗೆ ಹೋಗ್ತೀವಿ. ನನಗಿಷ್ಟ ಇಲ್ಲ. ಇವರದೇ ಹಠ, ತಲೆ ಪೂರ್ತಿ ಕೈಕೊಡೋ ಮೊದ್ಲೇ ಹೋಗ್ಬೇಕಂತೆ. ಬರೋ ತಿಂಗಳು ಅಲ್ಲಿನ ಕಾಗದಕ್ಕೆ ಸಹಿ. ರೆಕಾರ್ಡೆಲ್ಲ ಪ್ರಶಾಂತನಿಗೆ ಕೊಡು, ಯಾವುದು ಯಾವ ಕವರಿಗೆ ಸೇರ್ಬೇಕು ಅಂತ ಅವನಿಗೆ ಗೊತ್ತು ಅಂದ್ರು.”

ಆ ಮಾತು ನಂಬಿಕೆಯೋ ಬಲೆಯೋ ಎಂದು ಎರಡು ದಿನ ಯೋಚಿಸಿದೆ. ಬಂದು ಪೆಟ್ಟಿಗೆಗಳನ್ನು ಹೊರುವಾಗಲೂ ನಿಮ್ಮ ಮುಖವನ್ನೇ ಕದ್ದು ನೋಡುತ್ತಿದ್ದೆ. ನೀವು “ಹುಷಾರು ಕಣಪ್ಪ, ಬೆನ್ನು ನೋಡ್ಕೋ” ಅಂದಿರಿ, ಅಷ್ಟೇ.

ಮೂರನೆಯ ಪೆಟ್ಟಿಗೆಯ ತಳದಲ್ಲಿ ನಿಮ್ಮ ನೋಟ್‌ಬುಕ್ಕುಗಳಿದ್ದವು. ನೀವು ಇಟ್ಟಿರೋ, ಆಂಟಿ ಇಟ್ಟರೋ — ಕೇಳದೆ ತೆರೆದೆ, ಅದೂ ತಪ್ಪೇ. ತೀರಾ ಹಳೆಯದೊಂದರಲ್ಲಿ, ನಾನಿನ್ನೂ ಹುಟ್ಟದ ಕಾಲದ ತಾರೀಖಿನ ಕೆಳಗೆ, ಮಾಸಿದ ಶಾಯಿಯಲ್ಲಿ, ಅಣ್ಣತಮ್ಮಂದಿರ ಹಾಗೆ ಜಗಳವಾಡುವ ಆ ಎರಡು ಗಿಟಾರುಗಳಿದ್ದವು. ಆಗ ಯಾವ ವೆಬ್‌ಸೈಟೂ ಇರಲಿಲ್ಲ.

ಆಮೇಲೆ ಕೊನೆಯ ನೋಟ್‌ಬುಕ್. ಆ ಭಾನುವಾರದ ಪುಟದಲ್ಲಿ, ಹಾಡು ನಡೆಯುತ್ತಿದ್ದಾಗಲೇ ಬರೆದದ್ದು: “ಇವತ್ತು ದನಿ ಬೇರೆ ಅನ್ನಿಸುತ್ತಿದೆ. ಉಸಿರು ತೆಗೆದುಕೊಳ್ಳುವ ಜಾಗ ಬೇರೆ. ಆದರೆ ಹಾಕಿದವನು ಪ್ರಶಾಂತ, ತಪ್ಪಿರಲಾರದು. ನನ್ನ ಕಿವಿಯೇ ಇರಬೇಕು.”

ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ಅಕ್ಷರ ಸ್ವಲ್ಪ ಓರೆಯಾಗಿ: “ರೆಕಾರ್ಡೇ ಬೇರೆ. ನಾನೇ ಹಾಕಿದ್ದಂತೆ. ನೆನಪಿಲ್ಲ.”

ಮುಂದಿನ ಪುಟಗಳೆಲ್ಲ ಖಾಲಿ. ಕಿವಿ ಸರಿಯಾಗಿ ಹೇಳಿದ್ದನ್ನು ನೀವು ನಂಬದೆ ಹೋದದ್ದು ನನ್ನನ್ನು ನಂಬಿದ್ದರಿಂದ. ನಾನು ಯಾರನ್ನೂ ಹಾಗೆ ನಂಬಿದವನಲ್ಲ, ನಂಬುವುದೆಂದರೆ ಹೀಗೆ ಎಂದು ಗೊತ್ತಾದದ್ದು ಆ ಪುಟದಿಂದ.

ನಾಳೆ ಭಾನುವಾರ. ಹರೀಶನನ್ನು ಬರಹೇಳಿದ್ದೇನೆ, ಏಕೆಂದು ಹೇಳಿಲ್ಲ. ಅವನು ನಕ್ಕದ್ದು ಎಲ್ಲರ ಮುಂದೆ, ಆದ್ದರಿಂದ ಇದೂ ಎಲ್ಲರ ಮುಂದೆಯೇ ಆಗಬೇಕು. ಪೆಟ್ಟಿಗೆಗಳನ್ನು ವಾಪಸು ತರುತ್ತೇನೆ. ಅಸಲಿಯನ್ನು ಅದರ ಕವರಿಗೆ ಹಾಕಿದ್ದೇನೆ. ನೀವು ಬಾಗಿಲು ತೆರೆಯದಿದ್ದರೂ, ಇನ್ನು ಮುಂದೆ ಬರಬೇಡ ಅಂದರೂ, ಇದನ್ನು ಆಂಟಿಯ ಕೈಗಾದರೂ ಕೊಟ್ಟೇ ಹೋಗುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಸಹಿ ಹಾಕುವುದು ಬಿಡುವುದು ನಿಮ್ಮಿಷ್ಟ, ಆದರೆ ಆ ರೆಕಾರ್ಡನ್ನು ಕಾರಣ ಮಾಡಿಕೊಂಡು ಹಾಕಬೇಡಿ.

ನೆನಪಿಲ್ಲ ಎಂದು ಬರೆದಿದ್ದೀರಿ. ನೀವು ಮರೆತಿರಲಿಲ್ಲ, ಸರ್. ನೆನಪಿರುವುದಕ್ಕೆ ನೀವು ಅದನ್ನು ಮಾಡಿಯೇ ಇರಲಿಲ್ಲ.