ವಾರ ಹಿಡಿದ ಬನ

ರಬಕವಿಯ ನಮ್ಮ ಓಣಿಯ ಗಟಾರದಲ್ಲಿ ದಿನಕ್ಕೊಂದು ಬಣ್ಣದ ನೀರು ಹರಿಯುತ್ತಿದ್ದ ಕಾಲವದು. ಇವತ್ತು ಕೆಂಪಾದರೆ ನಾಳೆ ಹಸಿರು. ಗಟಾರ ನೋಡಿಯೇ ಯಾರ ಮನೆಯಲ್ಲಿ ಯಾವ ಸೀರೆಯ ನೂಲು ಅದ್ದುತ್ತಿದ್ದಾರೆಂದು ಹೇಳುವಷ್ಟು ನಾವು ಮಕ್ಕಳು ಜಾಣರಾಗಿದ್ದೆವು. ಶಾಲೆಯಲ್ಲಿ ಮಾತ್ರ ಆ ಜಾಣತನ ಯಾರಿಗೂ ಕಾಣುತ್ತಿರಲಿಲ್ಲ. ನಮ್ಮಪ್ಪ ನೇಕಾರರ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದ. ಹಿತ್ತಲಲ್ಲಿ ದೊಡ್ಡ ತಾಮ್ರದ ಹಂಡೆ, ಅದರ ಕೆಳಗೆ ಬೆಳಗಿನಿಂದ ಉರಿ. ಕೋಲಿಗೆ ಹಾಕಿದ ನೂಲಿನ ಲಡಿಗಳನ್ನು ಅಪ್ಪ ಕುದಿಯುವ ಬಣ್ಣದಲ್ಲಿ ತಿರುವುತ್ತ ನಿಂತರೆ ಆ ಘಾಟು ಮನೆಯೆಲ್ಲ ತುಂಬಿ, ನಾವು ತಿನ್ನುವ ರೊಟ್ಟಿಗೂ ಹತ್ತುತ್ತಿತ್ತು.

ಆ ಉರಿಯ ಹೊಟ್ಟೆ ತುಂಬಿಸುವುದೇ ನಮ್ಮ ಮನೆಯ ಹೆಣ್ಣುಮಕ್ಕಳ ಕೆಲಸ. ಚಳಿಗಾಲಕ್ಕೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಸಿಗುತ್ತಿತ್ತು. ಶಿವರಾತ್ರಿ ದಾಟುವಷ್ಟರಲ್ಲಿ ಅದೆಲ್ಲ ತೀರಿ, ಚಿಮ್ಮಡದ ದಾರಿಯಲ್ಲಿ ಹಳ್ಳದ ದಂಡೆಗಿದ್ದ ಕಲ್ಲಪ್ಪಕಾಕಾನ ಬನವೇ ಗತಿಯಾಗುತ್ತಿತ್ತು. ಕಲ್ಲಪ್ಪಕಾಕಾ ಆ ಹೊಲದ ಯಜಮಾನ, ಒಳ್ಳೆಯ ಮನುಷ್ಯ. ಮಾವು, ನೇರಳೆ, ಹೊಂಗೆ ಎಲ್ಲ ಕೂಡಿ ಬೆಳೆದ ಆ ಬನದಲ್ಲಿ ಒಣಗಿದ ಎಲೆಯನ್ನು ಯಾರು ಬಳಿದುಕೊಂಡು ಹೋದರೂ ಬೇಡ ಅನ್ನುತ್ತಿರಲಿಲ್ಲ. ಅವ್ವ ಮತ್ತು ನಾನು ಕಸಬರಿಗೆ, ಗೋಣಿಚೀಲ ಹಿಡಿದು ಹೋಗುತ್ತಿದ್ದೆವು. ಉದುರಿದ ಮಾವಿನ ಮಿಡಿಗೆ ಉಪ್ಪು ಖಾರ ಹಚ್ಚಿ ತಿನ್ನುವ ಆಸೆಗೆ ನಾನು ಹೊರಡುತ್ತಿದ್ದೆನೇ ಹೊರತು ಕೆಲಸದ ಮೇಲಿನ ಪ್ರೀತಿಯಿಂದಲ್ಲ.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ. ಒಂದು ಬೆಳಿಗ್ಗೆ ಒಲೆಗೆ ಎಲೆ ಹಾಕುತ್ತ ಕೂತಿದ್ದೆ. ಹಿಡಿ ತುಂಬ ಎಲೆ ಒಳಗೆ ತಳ್ಳಿದಾಗ ಅದರಲ್ಲೊಂದು ಎಲೆ ಎರಡಾಗಿ ಬಿಚ್ಚಿಕೊಂಡಿತು. ಒಳಗೆ ಕಿತ್ತಳೆ ಬಣ್ಣ, ಅದರ ನಡುವೆ ಕಪ್ಪು ಚುಕ್ಕೆ. ಅದು ಹೊರಗೆ ಬರಲು ಒದ್ದಾಡಿತು. ನಾನು ಕೈ ಹಾಕುವಷ್ಟರಲ್ಲಿ ಉರಿ ಅದನ್ನು ಎಳೆದುಕೊಂಡಿತು. ನಾನು ಚೀರಿದೆ.

"ಎಲಿ ಕಂಡು ಹೆದರತಾರೇನ ಹುಚ್ಚೀ?" ಅಪ್ಪ ನಕ್ಕ.

ಮರುದಿನ ಬನದಲ್ಲಿ ಕಸಬರಿಗೆ ಆಡಿಸದೆ ಸುಮ್ಮನೆ ಕೂತು ನೋಡಿದೆ. ನೆಲದ ತುಂಬ ಒಣ ಎಲೆ, ಬೇರೇನೂ ಇಲ್ಲ. ಬಹಳ ಹೊತ್ತಾದ ಮೇಲೆ ಕಾಲು ಚಾಚಿದೆ ನೋಡಿ, ನಾಲ್ಕೈದು ಎಲೆಗಳು ಎದ್ದವು! ಎರಡು ಮಾರು ದೂರ ಹಾರಿ, ಕೂತು, ರೆಕ್ಕೆ ಮಡಚಿದವು. ಅಷ್ಟೇ. ಕಣ್ಣೆದುರೇ ಕೂತದ್ದು ಮತ್ತೆ ಎಲೆಯಾಯಿತು. ನಡುವಿನ ನರ, ಕೊಳೆತ ಕಲೆ, ತುದಿಯ ಮೊನೆ, ಒಂದೂ ತಪ್ಪಿರಲಿಲ್ಲ. ಇಷ್ಟು ವರ್ಷ ನಾವು ಎಷ್ಟನ್ನು ಬಳಿದು, ಎಷ್ಟನ್ನು ಸುಟ್ಟಿದ್ದೆವೋ!

ಮನೆಯಲ್ಲಿ ನನ್ನ ಮಾತು ಕೇಳುವವಳೆಂದರೆ ಆಯಿ ಒಬ್ಬಳೇ, ಅಪ್ಪನ ಅವ್ವ. ಅವಳ ಮುಂದೆ ಹೋಗಿ, "ಆಯಿ, ಬನದಾಗ ಎಲಿ ಎದ್ದು ಹಾರತಾವ" ಅಂದೆ.

"ಗಾಳಿ ಬಿಟ್ಟಿತ್ತೇನ್ ಬೇ?"

"ಇಲ್ಲಾಯಿ. ಒಂದು ಕಡ್ಡಿನೂ ಅಳ್ಳಾಡತಿರಲಿಲ್ಲ. ಹಾರಿ ಮತ್ತ ಎಲ್ಯಾಗ ಎಲಿ ಆಗಿ ಕುಂತ್ವು."

ಪಾತರಗಿತ್ತಿ ಅನ್ನುವ ಮಾತು ನನ್ನ ಬಾಯಿಂದ ಇನ್ನೂ ಬಂದಿರಲಿಲ್ಲ, ಆಗಲೇ ಆಯಿ ಎರಡೂ ಕೈ ಜೋಡಿಸಿದ್ದಳು. "ತಾಯಿ ಬಂದಾಳ! ಕಸಬರಿಗಿ ಹಚ್ಚಿ ಆಕೀನ ಎಬ್ಬಿಸೀರಿ. ವಾರ ಹಿಡೀಬೇಕು."

ಆಷಾಢದಲ್ಲಿ ದೇವಿಯ ಹೆಸರಿನಲ್ಲಿ ವಾರ ಹಿಡಿಯುವುದು ನಮ್ಮ ಕಡೆಯ ರೂಢಿ. ಐದು ಮಂಗಳವಾರ ಮಗ್ಗ ನಿಲ್ಲುತ್ತದೆ, ಹೊಲದಲ್ಲಿ ಎತ್ತು ಹೂಡುವುದಿಲ್ಲ. ಆಯಿ ಬಿರುಬೇಸಗೆಯಲ್ಲಿ ಬನಕ್ಕೆಂದೇ ಒಂದು ವಾರ ಕಟ್ಟಿದಳು. ಐದು ಮಂಗಳವಾರ ಮುಗಿಯುವವರೆಗೆ ಅಲ್ಲಿ ಯಾರೂ ಕಸಬರಿಗೆ ಆಡಿಸಕೂಡದು. ಓಣಿಯ ಹೆಂಗಸರಿಗೂ ಹೇಳಿಬಂದಳು. ತಾಯಿಯ ಹೆಸರು ಬಂದ ಮೇಲೆ ಎದುರಾಡುವವರು ಯಾರು? ನನಗೆ ಖರೆ ಸಂಗತಿ ಗೊತ್ತಿತ್ತು, ಆದರೂ ಬಾಯಿ ಮುಚ್ಚಿಕೊಂಡೆ. ಹಾಗೆ ಮುಚ್ಚಿಕೊಂಡದ್ದಕ್ಕೆ ಒಳಗೊಳಗೇ ಹಿಗ್ಗಿದೆ ಕೂಡ.

ಆ ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಎಲೆ ಇಲ್ಲವೆಂದು ಹಂಡೆ ಕುದಿಯದೆ ಇರುತ್ತದೆಯೇ? ಅವ್ವ ದೂರದ ಬೀಳುಭೂಮಿಗೆ ಹೋಗಿ ಜಾಲಿಕಂಟಿ ಕಡಿದು ಹೊತ್ತು ತರತೊಡಗಿದಳು. ಮಧ್ಯಾಹ್ನ ಬಂದವಳ ಮುಖ ಕರ್ರಗೆ ಬಾಡಿರುತ್ತಿತ್ತು, ಅಂಗೈ ತುಂಬ ಮುಳ್ಳು. ನನ್ನ ಕಣ್ಣು ಚುರುಕೆಂದು ಪಿನ್ನಿನಿಂದ ಮುಳ್ಳು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡನೆಯ ಮಂಗಳವಾರದ ಹೊತ್ತಿಗೆ ಅವಳ ಹೆಬ್ಬೆರಳು ಬಾತು ಕೀವಾಯಿತು. ಅರಿಸಿನ ಎಣ್ಣೆ ಹಚ್ಚುತ್ತಿದ್ದ ನನಗೆ ತಡೆಯಲಾಗಲಿಲ್ಲ.

"ಅವ್ವಾ, ಬನದಾಗ ತಾಯಿ ಇಲ್ಲ. ಪಾತರಗಿತ್ತಿ ಅದಾವು. ನಾ ಆಯಿಗೆ ಹೇಳಲಿಲ್ಲ." ಹೇಳಿ ಅತ್ತುಬಿಟ್ಟೆ.

ಹೊಡೆಯುತ್ತಾಳೆಂದೇ ತಿಳಿದಿದ್ದೆ. ಅವಳು ಹೊಡೆಯಲಿಲ್ಲ. ತನ್ನ ಕೈ ನೋಡಿಕೊಂಡು, "ನಡಿ, ತೋರಸು" ಅಂದಳು.

ಹೊತ್ತು ಇಳಿಯುವಾಗ ಇಬ್ಬರೂ ಹೋದೆವು. ಅವು ಚುರುಕಾಗುವುದೇ ಆ ಹೊತ್ತಿಗೆ. ನೇರಳೆಯ ಬುಡದಲ್ಲಿ ಒಂದನ್ನು ಬೆರಳು ಮಾಡಿ ತೋರಿಸಿದೆ. ಅವ್ವನಿಗೆ ಕಾಣಲಿಲ್ಲ. ಮಂಡಿಯೂರಿ ಬಗ್ಗಿದಳು, ಆಗಲೂ ಕಾಣಲಿಲ್ಲ. ಅದು ಎದ್ದು ಅವಳ ಸೆರಗಿಗೆ ತಾಗಿ ಹಾರಿದಾಗ "ಯವ್ವಾ!" ಎಂದು ಕೂತೇಬಿಟ್ಟಳು. ಆಮೇಲೆ ಒಂದೊಂದಾಗಿ ಹುಡುಕುತ್ತ ಕತ್ತಲಾಗುವವರೆಗೆ ನನಗಿಂತ ಸಣ್ಣವಳಂತೆ ಅಡ್ಡಾಡಿದಳು.

"ಹುಟ್ಟಿದಾಗಿಂದ ಬಣ್ಣದಾಗ ಬೆಳದೇನಿ, ಇಂಥಾ ಬಣ್ಣ ನೋಡಿಲ್ಲ" ಅಂದಳು. ದಾರಿಯಲ್ಲಿ ನನ್ನ ಭುಜ ಹಿಡಿದು, "ಆಯಿ ಮುಂದ ಬಾಯಿ ಬಿಡಬ್ಯಾಡ. ವಾರ ನಡೀಲಿ" ಅಂದಳು.

ಆ ವಾರ ನಡೆಯಿತು. ಮರುವರ್ಷವೂ ಆಯಿ ಹಿಡಿದಳು, ಅದರ ಮರುವರ್ಷವೂ. ಆಯಿ ತೀರಿಕೊಂಡ ಮೇಲೆ ಅವ್ವನೇ ಓಣಿಯಲ್ಲಿ ಮನೆಮನೆಗೆ ಹೇಳಿಬರುತ್ತಿದ್ದಳು. ಪ್ರತಿ ಬೇಸಗೆಯೂ ಜಾಲಿಯ ಮುಳ್ಳಿಗೆ ಕೈ ಒಡ್ಡಿದಳು. ಖರೆ ಸಂಗತಿ ಗೊತ್ತಿದ್ದೂ ಅವ್ವ ಹೀಗೆ ಮಾಡಿದಳೆಂಬುದು ಅಪ್ಪನಿಗೆ ಇಂದಿಗೂ ಗೊತ್ತಿಲ್ಲ.

ಮುಂದೆ ನಾನು ಜಮಖಂಡಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ನಮ್ಮ ಕಡೆ ನೀರು ಬಂತು. ಹೊಳೆಗೆ ಅಡ್ಡ ಕಟ್ಟಿದ ಮೇಲೆ ಪೈಪು ಹಾಯಿಸಿಕೊಂಡವರ ಹೊಲವೆಲ್ಲ ಕಬ್ಬಾಯಿತು. ರಜೆಗೆ ಬಂದಿದ್ದೆ. ಕಲ್ಲಪ್ಪಕಾಕಾ ನಮ್ಮ ಪಡಸಾಲೆಗೆ ಬಂದು ಕೂತ.

"ತಂಗೀ, ಬನ ತಗಿಸಾಕತ್ತೇನಿ," ಅಂದ ಅವ್ವನಿಗೆ. "ಹುಡುಗರು ಕೇಳವಲ್ಲರು, ಹಳ್ಳದತನಕ ಕಬ್ಬು ಹಚ್ಚೂನು ಅಂತಾರ. ಆದ್ರ ನಿಮ್ಮತ್ತಿ ವಾರ ಹಿಡೀತಿದ್ದರು, ನೀನೂ ಬಿಡಲಿಲ್ಲ. ತಾಯಿ ಖರೇನ ಅದಾಳಂದ್ರ ಹಳ್ಳದ ದಂಡಿ ಗಿಡ ಒಂದೂ ಮುಟ್ಟಂಗಿಲ್ಲ. ನೀ ಹೇಳು."

ಅವ್ವ ಬಾಯಿ ತೆರೆಯುವ ಮೊದಲೇ ನಾನು ತೆರೆದೆ. ಕಲಿತ ವಿದ್ಯೆ ತುದಿನಾಲಿಗೆಯಲ್ಲೇ ಕುಣಿಯುತ್ತಿದ್ದ ವಯಸ್ಸು. "ತಾಯಿನೂ ಇಲ್ಲ ಗೀಯಿನೂ ಇಲ್ಲ ಕಾಕಾ. ಅವು ಪಾತರಗಿತ್ತಿ" ಎಂದು ಶುರು ಮಾಡಿದವಳು ಎಲ್ಲ ವಿವರಿಸಿದೆ. ಬೇಸಗೆಯಲ್ಲಿ ಒಣ ಎಲೆಯಾಗುತ್ತವೆ, ಮಳೆಗಾಲದಲ್ಲಿ ಅವಕ್ಕೇ ರೆಕ್ಕೆಯ ಅಂಚಿಗೆ ಕಣ್ಣಿನಂಥ ಚುಕ್ಕೆಗಳು ಮೂಡುತ್ತವೆ, ನೆರಳೂ ಉದುರೆಲೆಯೂ ಇಲ್ಲದಿದ್ದರೆ ಬೇಸಗೆ ಕಳೆಯಲಾರವು ಎಂದೆಲ್ಲ. ಇಷ್ಟು ಕೇಳಿದ ಮೇಲೆ ಕಾಕಾ ದೇವರಿಗೆ ಬಿಡುವುದಕ್ಕಿಂತ ಹೆಚ್ಚು ಕಾಳಜಿಯಿಂದ ಆ ಗಿಡಗಳನ್ನು ಉಳಿಸುತ್ತಾನೆಂದು ಖಂಡಿತ ನಂಬಿದ್ದೆ.

ಕಲ್ಲಪ್ಪಕಾಕಾ ಗಟ್ಟಿಯಾಗಿ ಉಸಿರುಬಿಟ್ಟ. "ಪಾತರಗಿತ್ತಿಯೇನು? ಛಲೋ ಆತು ಬಿಡವಾ, ಎದಿ ಮ್ಯಾಲಿನ ಭಾರ ಇಳಿಸಿದಿ." ಚಹಾ ಕುಡಿದು, ನನ್ನ ತಲೆ ಸವರಿ ಹೋದ. ಎಂಟು ದಿನದೊಳಗೆ ಬನಕ್ಕೆ ಜೆಸಿಬಿ ಬಂತು.

ಇದೇನು ಅಪರೂಪದ ಚಿಟ್ಟೆಯಲ್ಲ. ಲೋಕಾಪುರದಲ್ಲಿ ನಾನು ಪಾಠ ಹೇಳುವ ಶಾಲೆಯ ಹಿಂದಿನ ಗಿಡಗಳಲ್ಲಿ ಒಂದೆರಡು ಕಂಡಿದ್ದೇನೆ. ಆದರೆ ನಮ್ಮ ಹಳ್ಳದ ದಂಡೆಯಲ್ಲಿ ಒಂದೂ ಇಲ್ಲ. ಕಬ್ಬು ಕಡಿದ ಮೇಲೆ ನೆಲದಲ್ಲುಳಿದ ಒಣಗರಿಯ ರವದಿಗೆ ಬೆಂಕಿ ಇಡುತ್ತಾರೆ, ಹಳ್ಳದತನಕ ಕಪ್ಪು ನೆಲ. ಈಗಿನ ಮಕ್ಕಳಿಗೆ ಅಲ್ಲೊಂದು ಬನವಿತ್ತೆಂದರೆ ಹೌದೇ ಅನ್ನುತ್ತಾರೆ, ಅಷ್ಟೇ.

ಹೋದ ವರ್ಷ ಅವ್ವನ ಜೊತೆ ಚಿಮ್ಮಡಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಆ ತಿರುವು ಬಂದಾಗ ಅವ್ವ ಕಿಟಕಿಯಿಂದ ಮುಖ ಈಚೆ ತಿರುಗಿಸಿಕೊಂಡಳು. ಇಷ್ಟು ವರ್ಷ ಕೇಳಲು ಅಂಜಿದ್ದನ್ನು ಅಂದು ಕೇಳಿದೆ.

"ಅವ್ವಾ, ಕಲ್ಲಪ್ಪಕಾಕಾ ಬಂದಾಗ ನೀ ಏನ್ ಹೇಳಾಕಿ ಇದ್ದಿ?"

"ತಾಯಿ ಅದಾಳ, ಗಿಡ ಬಿಡು ಅಂತ ಹೇಳಾಕಿ ಇದ್ದೆ."

"ಮತ್ತ ಯಾಕ ಹೇಳಲಿಲ್ಲ?"

ಅವ್ವ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀ ಸಾಲಿ ಕಲತಾಕಿ. ನಿನಗ ಗೊತ್ತಿರತೈತಿ ಅಂತ ಸುಮ್ಮನಾದೆ."